ಎದುರಾಳಿ ಕೆಳಗಿಳಿದರೆ ನಮಗೆ ಲಾಭವೇ?
(ಅರ್ಥಶಾಸ್ತ್ರ ಪಾಠದ ಮುಂದುವರಿಕೆ: ರೇಂಜರ್ಸ್ ಪ್ರಕರಣ)

ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಬದಲಿ ಸರಕು ಮತ್ತು ಪೂರಕ ಸರಕುಗಳ ಪಾಠ ನಡೆಯುತ್ತಿತ್ತು. ಚಹಾ ಮತ್ತು ಕಾಫಿ ಬದಲಿ ಸರಕು, ಚಹಾ ಮತ್ತು ಸಕ್ಕರೆ ಪೂರಕ ಸರಕು. ಇಷ್ಟು ಎಲ್ಲರಿಗೂ ಗೊತ್ತು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು ಕೇಳಿದ: “ಸರ್, ಎರಡು ಫುಟ್‌ಬಾಲ್ ಕ್ಲಬ್‌ಗಳು ಬದಲಿ ಸರಕೋ, ಪೂರಕ ಸರಕೋ?” ತರಗತಿ ನಕ್ಕಿತು. ನಾನು ನಗಲಿಲ್ಲ. ಪ್ರಶ್ನೆ ಅಷ್ಟು ಸುಲಭದ್ದಲ್ಲ. ಗಂಟೆ ಹೊಡೆದದ್ದರಿಂದ ಅಂದು ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ಬೀದಿಯಲ್ಲಿ ಎರಡು ಬೇಕರಿಗಳಿವೆ ಎಂದುಕೊಳ್ಳಿ. ಒಂದು ಮುಚ್ಚಿದರೆ ಅದರ ಗಿರಾಕಿಗಳು ಇನ್ನೊಂದಕ್ಕೆ ಬರುತ್ತಾರೆ. ಆದರೆ ಫುಟ್‌ಬಾಲ್ ಕ್ಲಬ್ ಮಾರುವುದು ಪಂದ್ಯವನ್ನು. ಪಂದ್ಯವನ್ನು ಒಂದೇ ಕ್ಲಬ್ ತಯಾರಿಸಲಾಗದು, ಎದುರಾಳಿಯೂ ಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ವಾಲ್ಟರ್ ನೀಲ್ 1964ರಲ್ಲೇ ಇದನ್ನು ವಿವರಿಸಿದ. ಬಾಕ್ಸರ್ ಜೋ ಲೂಯಿಸ್‌ಗೆ ಮ್ಯಾಕ್ಸ್ ಶ್ಮೆಲಿಂಗ್‌ನಂಥ ಬಲವಾದ ಎದುರಾಳಿ ಇದ್ದರಷ್ಟೇ ಹೆಚ್ಚು ಗಳಿಕೆ, ಎದುರಾಳಿಗಳೆಲ್ಲ ಸೋತು ಸುಣ್ಣವಾದರೆ ಚಾಂಪಿಯನ್ನಿನ ಜೇಬೂ ಖಾಲಿ. ಇದಕ್ಕೆ ಲೂಯಿಸ್–ಶ್ಮೆಲಿಂಗ್ ವಿರೋಧಾಭಾಸ ಎಂದೇ ಹೆಸರು.

ಈ ಮಾತಿಗೆ ನಿಜ ಜೀವನದ ಪರೀಕ್ಷೆ ನಡೆದದ್ದು 2012ರಲ್ಲಿ, ಸ್ಕಾಟ್ಲೆಂಡಿನಲ್ಲಿ.

ಗ್ಲಾಸ್ಗೋ ನಗರದಲ್ಲಿ ಎರಡು ದೊಡ್ಡ ಕ್ಲಬ್‌ಗಳು: ಸೆಲ್ಟಿಕ್ ಮತ್ತು ರೇಂಜರ್ಸ್. ಒಂದರ ಬೆಂಬಲಿಗರು ಹೆಚ್ಚಾಗಿ ಐರಿಷ್ ಮೂಲದ ಕ್ಯಾಥೊಲಿಕರು, ಇನ್ನೊಂದರವರು ಪ್ರಾಟೆಸ್ಟಂಟರು. ನೂರು ವರ್ಷಕ್ಕೂ ಹಿಂದಿನ ಹಗೆ. ಆದರೂ ಈ ಜೋಡಿಯನ್ನು ಜನ ‘ಓಲ್ಡ್ ಫರ್ಮ್’, ಅಂದರೆ ‘ಹಳೇ ವ್ಯಾಪಾರಿ ಸಂಸ್ಥೆ’ ಎಂದೇ ಕರೆಯುತ್ತಾರೆ. ಹೆಸರಿನಲ್ಲೇ ಕುಹಕವಿದೆ. ಒಂದು ಕ್ಲಬ್ಬಿನ ಜೆರ್ಸಿಯ ಮೇಲೆ ಮಾತ್ರ ಜಾಹೀರಾತು ಹಾಕಿದರೆ ಇನ್ನೊಂದರ ಅಭಿಮಾನಿಗಳು ತಮ್ಮ ಸರಕನ್ನು ಬಹಿಷ್ಕರಿಸುತ್ತಾರೆಂಬ ಭಯ ಕಂಪನಿಗಳಿಗೆ. ಆದ್ದರಿಂದ 1984ರಲ್ಲಿ ಒಂದು ಕಿಟಕಿ ಗಾಜಿನ ಕಂಪನಿ ಎರಡೂ ಕ್ಲಬ್‌ಗಳಿಗೆ ಪ್ರಾಯೋಜಕವಾಯಿತು. 1999ರಿಂದ ಮತ್ತೆ ಹಲವು ವರ್ಷ ಇಬ್ಬರ ಎದೆಯ ಮೇಲೂ ಒಂದೇ ಕಂಪನಿಯ ಹೆಸರು. ಮೈದಾನದಲ್ಲಿ ಮುಖ ನೋಡದವರು ಲೆಕ್ಕದ ಪುಸ್ತಕದಲ್ಲಿ ಪಾಲುದಾರರು!

ರೇಂಜರ್ಸ್ ಮುಳುಗಿದ ಕಥೆ ಅಕೌಂಟೆನ್ಸಿ ವಿದ್ಯಾರ್ಥಿಗಳು ಓದಲೇಬೇಕಾದದ್ದು. 2011ರ ಮೇ ತಿಂಗಳಲ್ಲಿ ಕ್ರೇಗ್ ವೈಟ್ ಎಂಬ ಉದ್ಯಮಿ ಕ್ಲಬ್ಬನ್ನು ಕೇವಲ 1 ಪೌಂಡಿಗೆ ಖರೀದಿಸಿದರು, ಬ್ಯಾಂಕಿನ ಸಾಲ ತೀರಿಸುವ ಷರತ್ತಿನ ಮೇಲೆ. ತೀರಿಸಿದ ಹಣ ಅವರದಲ್ಲ. ಮುಂದಿನ ವರ್ಷಗಳಲ್ಲಿ ಮಾರಾಟವಾಗಬೇಕಿದ್ದ ಸೀಸನ್ ಟಿಕೆಟ್‌ಗಳನ್ನು ಮೊದಲೇ ಒಂದು ಕಂಪನಿಗೆ ಮಾರಿ 2 ಕೋಟಿ ಪೌಂಡಿಗೂ ಹೆಚ್ಚು ಹಣ ಎತ್ತಿದ್ದರು. ನಾಳೆಯ ಆದಾಯವನ್ನು ನಿನ್ನೆಯ ಸಾಲಕ್ಕೆ ಸುರಿದ ಮೇಲೆ ಇಂದಿನ ಖರ್ಚಿಗೆ ಏನು ಉಳಿಯಿತು? ಆಟಗಾರರ ಸಂಬಳದಿಂದ ಕಡಿತ ಮಾಡಿದ ತೆರಿಗೆಯನ್ನೂ ಸರಕಾರಕ್ಕೆ ಕಟ್ಟಲಿಲ್ಲ. ಆ ಬಾಕಿಯೇ ಸುಮಾರು 90 ಲಕ್ಷ ಪೌಂಡ್ ಆಯಿತು. 2012ರ ಫೆಬ್ರವರಿ 14ರಂದು ಕ್ಲಬ್ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಹಳೆಯ ತೆರಿಗೆ ವಿವಾದಗಳನ್ನೂ ಸೇರಿಸಿದರೆ ಒಟ್ಟು ಸಾಲ 13.4 ಕೋಟಿ ಪೌಂಡ್ ಮುಟ್ಟಬಹುದೆಂದು ಅವರು ವರದಿ ಕೊಟ್ಟರು. ಧನಿಗಳ ಪಟ್ಟಿಯಲ್ಲಿ ತೆರಿಗೆ ಇಲಾಖೆಯ ಜೊತೆ ಸಣ್ಣಪುಟ್ಟ ಅಂಗಡಿಯವರೂ ಇದ್ದರು, ಎದುರಾಳಿ ಕ್ಲಬ್‌ಗಳೂ ಇದ್ದವು. ಎಡಿನ್‌ಬರೋದ ಹಾರ್ಟ್ಸ್ ಕ್ಲಬ್ಬಿಗೆ ಒಬ್ಬ ಆಟಗಾರನ ವರ್ಗಾವಣೆ ಹಣ, ಡನ್‌ಫರ್ಮ್ಲಿನ್‌ಗೆ ಟಿಕೆಟ್ ಹಣ ಬಾಕಿ. ಎದುರಾಳಿಯ ಪತನದ ಮೊದಲ ಪೆಟ್ಟು ಬಿದ್ದದ್ದು ಹೀಗೆ, ಬಾರದ ಬಾಕಿಯ ರೂಪದಲ್ಲಿ.

ಜೂನ್‌ನಲ್ಲಿ ತೆರಿಗೆ ಇಲಾಖೆ ರಾಜಿಗೆ ಒಪ್ಪಲಿಲ್ಲ. ಕಂಪನಿ ಸಮಾಪನೆಗೆ ಹೋಯಿತು. ಅದರ ಆಸ್ತಿಯನ್ನು 55 ಲಕ್ಷ ಪೌಂಡಿಗೆ ಕೊಂಡ ಹೊಸ ಕಂಪನಿ, ಪ್ರೀಮಿಯರ್ ಲೀಗ್‌ನಲ್ಲಿ ರೇಂಜರ್ಸ್ ಜಾಗ ತನಗೇ ಬೇಕೆಂದು ಅರ್ಜಿ ಹಾಕಿತು. ತೀರ್ಮಾನ ಉಳಿದ ಕ್ಲಬ್‌ಗಳ ಕೈಯಲ್ಲಿತ್ತು.

ಅವರ ಮುಂದಿದ್ದ ಇಕ್ಕಟ್ಟನ್ನು ಅಂಕಿಗಳಲ್ಲಿ ನೋಡೋಣ. ಇವು ಪಾಠಕ್ಕಾಗಿ ನಾನೇ ಮಾಡಿಕೊಂಡ ಅಂಕಿಗಳು. ಒಂದು ಸಣ್ಣ ಕ್ಲಬ್ಬಿಗೆ ವರ್ಷಕ್ಕೆ 19 ತವರು ಪಂದ್ಯ. 17 ಪಂದ್ಯಗಳಿಗೆ ತಲಾ 4,000 ಜನ, ರೇಂಜರ್ಸ್ ಬರುವ 2 ಪಂದ್ಯಗಳಿಗೆ ತಲಾ 8,000. ಸ್ಕಾಟ್ಲೆಂಡಿನ ಲೀಗ್ ಪಂದ್ಯಗಳಲ್ಲಿ ಗೇಟ್ ಹಣ ಪೂರ್ತಿ ತವರು ಕ್ಲಬ್ಬಿಗೇ ಸೇರುತ್ತದೆ. ಒಟ್ಟು 84,000 ಟಿಕೆಟ್, ತಲಾ 20 ಪೌಂಡ್, ಆದಾಯ 16,80,000 ಪೌಂಡ್. ಖರ್ಚು 16,50,000. ಲಾಭ 30,000. ಈಗ ರೇಂಜರ್ಸ್ ಬದಲು ಸಾಧಾರಣ ಕ್ಲಬ್ ಒಂದು ಬಂದರೆ ಟಿಕೆಟ್ 76,000ಕ್ಕೆ, ಆದಾಯ 15,20,000ಕ್ಕೆ ಇಳಿಯಿತು. ಕಡಿಮೆಯಾದದ್ದು ಶೇಕಡ 10ಕ್ಕಿಂತ ತುಸು ಕಡಿಮೆಯೇ. ಆದರೆ ಆಟಗಾರರ ಸಂಬಳ ಕರಾರಿನಂತೆ ಸ್ಥಿರ ವೆಚ್ಚ, ಅದು ಇಳಿಯುವುದಿಲ್ಲ. 30,000 ಲಾಭ ಹೋಗಿ 1,30,000 ನಷ್ಟ ಬಂತು.

ಇದು ಗೇಟಿನ ಲೆಕ್ಕ ಮಾತ್ರ. ಟಿವಿ ಹಣದ್ದು ಇನ್ನೂ ಕಠಿಣ. 2011ರ ನವೆಂಬರಿನಲ್ಲಿ ಐದು ವರ್ಷಕ್ಕೆ 8 ಕೋಟಿ ಪೌಂಡಿನ ಟಿವಿ ಒಪ್ಪಂದ ಪ್ರಕಟವಾಗಿತ್ತು. ಅದರ ಜೀವಾಳ ವರ್ಷಕ್ಕೆ ನಾಲ್ಕು ಸೆಲ್ಟಿಕ್–ರೇಂಜರ್ಸ್ ಪಂದ್ಯ. ಆ ನಾಲ್ಕು ಪಂದ್ಯಗಳಿಲ್ಲವೆಂದರೆ ಒಪ್ಪಂದವನ್ನೇ ಮತ್ತೆ ಬರೆಯಬೇಕು. ಪಕ್ಕದ ಇಂಗ್ಲೆಂಡಿನಲ್ಲಿ ಅದೇ 2012ರ ಜೂನ್‌ನಲ್ಲಿ ಮೂರು ವರ್ಷಕ್ಕೆ 300 ಕೋಟಿ ಪೌಂಡಿಗೂ ಮಿಕ್ಕ ಟಿವಿ ಒಪ್ಪಂದವಾಯಿತು. ಅಲ್ಲಿ ಯಾವ ಒಂದು ಕ್ಲಬ್ ಕೆಳಗಿಳಿದರೂ ಉಳಿದವರ ಪಾಲು ಹೆಚ್ಚು ಅಲುಗದು. ನಮ್ಮ ಐಪಿಎಲ್ ಕೂಡ ಹಾಗೆಯೇ. 2016 ಮತ್ತು 2017ರಲ್ಲಿ ಚೆನ್ನೈ, ರಾಜಸ್ಥಾನ ತಂಡಗಳು ಅಮಾನತಾದಾಗ ಪುಣೆ ಮತ್ತು ಗುಜರಾತ್ ತಂಡಗಳನ್ನು ತಂದು ಎಂಟರ ಲೆಕ್ಕ ಸರಿಮಾಡಿದರು, ಟೂರ್ನಿ ಸಾಗಿತು. ಸ್ಕಾಟ್ಲೆಂಡಿಗೆ ಆ ಸೌಕರ್ಯ ಇರಲಿಲ್ಲ. ಫುಟ್‌ಬಾಲ್ ಸಂಸ್ಥೆಯ ಮುಖ್ಯಸ್ಥರು, ರೇಂಜರ್ಸ್ ತೀರಾ ಕೆಳಗೆ ಹೋದರೆ ದೇಶದ ಆಟವೇ ನಿಧಾನವಾಗಿ ಸಾಯುತ್ತದೆ ಎಂದು ಎಚ್ಚರಿಸಿದರು.

ಹಾಗಾದರೆ ಕ್ಲಬ್‌ಗಳು ಒಪ್ಪಿಕೊಳ್ಳಬೇಕಿತ್ತಲ್ಲವೇ? 2012ರ ಜುಲೈ 4ರಂದು ಮತ ಹಾಕಿದಾಗ 10 ಕ್ಲಬ್‌ಗಳು ಬೇಡವೆಂದವು. ಕಿಲ್ಮಾರ್ನಕ್ ತಟಸ್ಥವಾಯಿತು. ಪರವಾಗಿ ಬಿದ್ದದ್ದು ರೇಂಜರ್ಸ್ ಮತ ಒಂದೇ. ಜುಲೈ 13ರಂದು ಕೆಳಗಿನ ಲೀಗ್‌ನ 30 ಕ್ಲಬ್‌ಗಳಲ್ಲಿ 25, ರೇಂಜರ್ಸ್ ನಾಲ್ಕನೇ ದರ್ಜೆಯಿಂದಲೇ ಶುರುಮಾಡಲಿ ಎಂದವು.

ಇದು ಬರೀ ನ್ಯಾಯನಿಷ್ಠೆ ಎಂದು ನಾನು ಹೇಳುವುದಿಲ್ಲ, ಬರೀ ಲೆಕ್ಕಾಚಾರ ಎಂದೂ ಹೇಳುವುದಿಲ್ಲ. ತೆರಿಗೆ ಕಟ್ಟದೆ, ಸಾಲ ತೀರಿಸದೆ ಹೆಸರು ಬದಲಿಸಿ ಬಂದವರಿಗೆ ಅದೇ ಜಾಗ ಕೊಟ್ಟರೆ ನಾವು ಸೀಸನ್ ಟಿಕೆಟ್ ಕೊಳ್ಳುವುದಿಲ್ಲ ಎಂದು ಉಳಿದ ಕ್ಲಬ್‌ಗಳ ಅಭಿಮಾನಿಗಳು ಹಟ ಹಿಡಿದಿದ್ದರು. ನಮ್ಮ ಕಾಲ್ಪನಿಕ ಕ್ಲಬ್ಬಿಗೆ ಮರಳಿ. ರೇಂಜರ್ಸ್ ಇಲ್ಲದೆ ಹೋದದ್ದು 8,000 ಟಿಕೆಟ್. ತನ್ನದೇ ಅಭಿಮಾನಿಗಳಲ್ಲಿ 500 ಜನ ಮುನಿಸಿಕೊಂಡು 19 ಪಂದ್ಯಗಳಿಗೂ ಬಾರದಿದ್ದರೆ ಹೋಗುವುದು 9,500! ವರ್ಷಕ್ಕೆ ಎರಡು ಸಲ ಬರುವ ನೆಂಟರಿಗಿಂತ ಮನೆಯವರು ದೊಡ್ಡವರು ಎಂಬುದು ಇಲ್ಲಿ ಭಾವನೆಯ ಮಾತಷ್ಟೇ ಅಲ್ಲ, ಗುಣಾಕಾರ.

ಮುಂದೆ ಏನಾಯಿತು? ಆಟ ಸಾಯಲಿಲ್ಲ. ಟಿವಿಯವರು ಪರಿಷ್ಕೃತ ಒಪ್ಪಂದ ಮಾಡಿಕೊಂಡರು, ರೇಂಜರ್ಸ್‌ನ ಕೆಳದರ್ಜೆಯ ಪಂದ್ಯಗಳನ್ನೂ ಸೇರಿಸಿ. ಆದರೆ 2013ರಿಂದ ಎರಡು ವರ್ಷ ಲೀಗ್‌ಗೆ ಪ್ರಾಯೋಜಕರೇ ಸಿಗಲಿಲ್ಲ. 2015ರಲ್ಲಿ ಸಿಕ್ಕದ್ದು ಒಂದು ಬೆಟ್ಟಿಂಗ್ ಕಂಪನಿ. ಕೈ ಖಾಲಿಯಿದ್ದವರಿಗೆ ಆಯ್ಕೆ ಕಡಿಮೆ.

ಹೆಚ್ಚು ಲಾಭವಾಗಬೇಕಿದ್ದ ಸೆಲ್ಟಿಕ್‌ನ ಸ್ಥಿತಿ ನೋಡಿ. ಪ್ರಶಸ್ತಿ ಖಚಿತ: 2012–13ರಲ್ಲಿ 16 ಅಂಕಗಳ ಅಂತರ, ಮರುವರ್ಷ 29. 2012ರ ನವೆಂಬರಿನಲ್ಲಿ ಬಾರ್ಸಿಲೋನಾವನ್ನು 2–1ರಿಂದ ಸೋಲಿಸಿ ಚಾಂಪಿಯನ್ಸ್ ಲೀಗ್‌ನಿಂದ ಒಳ್ಳೆಯ ಹಣವನ್ನೂ ಮಾಡಿಕೊಂಡಿತು. ಆದರೆ ಲೀಗ್ ಪಂದ್ಯಗಳಿಗೆ ಬರುವ ಜನ ಕಡಿಮೆಯಾದರು. ಗೆಲ್ಲುವುದು ಮೊದಲೇ ಗೊತ್ತಿದ್ದರೆ ಮಳೆಯಲ್ಲಿ ನಿಂತು ನೋಡುವವರಾರು? ಇತ್ತ ಖಾಲಿಯಾದ ಎರಡನೇ ಸ್ಥಾನ ಮದರ್‌ವೆಲ್‌ಗೆ ಎರಡು ವರ್ಷ ಸಿಕ್ಕಿತು. ಸೇಂಟ್ ಜಾನ್‌ಸ್ಟನ್ 2014ರಲ್ಲಿ, ಇನ್ವರ್‌ನೆಸ್ 2015ರಲ್ಲಿ ಮೊತ್ತಮೊದಲ ಸ್ಕಾಟಿಷ್ ಕಪ್ ಎತ್ತಿದವು.

ಇಲ್ಲಿ ಒಂದು ಎಚ್ಚರಿಕೆ. 2013ರಲ್ಲಿ ಹಾರ್ಟ್ಸ್ ಕೂಡ ದಿವಾಳಿಯ ಅಂಚಿಗೆ ಬಂತು. ‘ರೇಂಜರ್ಸ್ ಹೋದದ್ದರಿಂದಲೇ’ ಎಂದು ಪರೀಕ್ಷೆಯಲ್ಲಿ ಬರೆದರೆ ಅಂಕ ಕೊಡಲಾರೆ. ಹಾರ್ಟ್ಸ್‌ನ ಮಾಲೀಕರದ್ದು ಲಿಥುವೇನಿಯಾದ ವ್ಯವಹಾರ, ಅಲ್ಲಿನ ಅವರ ಬ್ಯಾಂಕ್ ಕುಸಿದದ್ದು ದೊಡ್ಡ ಕಾರಣ. ಒಂದರ ಹಿಂದೆ ಇನ್ನೊಂದು ಬಂತೆಂದ ಮಾತ್ರಕ್ಕೆ ಮೊದಲನೆಯದು ಕಾರಣವಾಗುವುದಿಲ್ಲ.

ನಿಜವಾದ ಹಬ್ಬ ನಡೆದದ್ದು ನಾಲ್ಕನೇ ದರ್ಜೆಯಲ್ಲಿ. ಕೆಲವು ನೂರು ಜನ ಬರುತ್ತಿದ್ದ ಪೀಟರ್‌ಹೆಡ್‌ನ ಮೈದಾನ ತುಂಬಿತು. ಕ್ವೀನ್ಸ್ ಪಾರ್ಕ್ ಎಂಬ ಹವ್ಯಾಸಿ ಕ್ಲಬ್ಬಿನ ಪಂದ್ಯಕ್ಕೆ 2012ರ ಡಿಸೆಂಬರಿನಲ್ಲಿ 30,117 ಜನ ಬಂದರು. ಎಲ್ಗಿನ್ ಸಿಟಿಯವರಂತೂ ಉತ್ಸಾಹದಲ್ಲಿ ಮೈದಾನಕ್ಕೆ ಹಿಡಿಸದಷ್ಟು ಟಿಕೆಟ್ ಮಾರಿ, ಪಂದ್ಯವೇ ರದ್ದಾಗಿ, ದಂಡವನ್ನೂ ತೆತ್ತರು. ಪಟ್ಟಿಯ ತಳದಲ್ಲಿದ್ದ ಸ್ಟರ್ಲಿಂಗ್ ಆಲ್ಬಿಯನ್ ಅಕ್ಟೋಬರಿನಲ್ಲಿ ರೇಂಜರ್ಸ್‌ ಅನ್ನು 1–0ಯಿಂದ ಸೋಲಿಸಿದಾಗ ಅದರ ಮ್ಯಾನೇಜರ್ ಮೈದಾನದಲ್ಲೇ ಇರಲಿಲ್ಲ. ಅಂದು ಅವರ ಮದುವೆ!

ರೇಂಜರ್ಸ್ ಮೇಲಿನ ದರ್ಜೆಗೆ ಮರಳಿದ್ದು 2016ರಲ್ಲಿ. ಸೆಪ್ಟೆಂಬರ್ 10ರಂದು ಸೆಲ್ಟಿಕ್ ಮೈದಾನದಲ್ಲಿ ನಾಲ್ಕು ವರ್ಷಗಳ ಬಳಿಕ ಇಬ್ಬರ ಲೀಗ್ ಪಂದ್ಯ ನಡೆಯಿತು. ಸೆಲ್ಟಿಕ್ 5–1ರಿಂದ ಗೆದ್ದಿತು. ಅಂದು ಒಂದು ಸೀಟೂ ಅಗ್ಗವಾಗಿರಲಿಲ್ಲ.

ಅಭ್ಯಾಸಕ್ಕೆ: ಮೇಲಿನ ಕಾಲ್ಪನಿಕ ಕ್ಲಬ್ ರೇಂಜರ್ಸ್‌ ಅನ್ನು ಉಳಿಸಿಕೊಂಡರೆ, ತನ್ನದೇ ಎಷ್ಟು ಅಭಿಮಾನಿಗಳು ಬಿಟ್ಟುಹೋದಾಗ ಆ ನಿರ್ಧಾರ ನಷ್ಟದ್ದಾಗುತ್ತದೆ? ಸೀಸನ್ ಟಿಕೆಟ್‌ದಾರರು ಪಂದ್ಯಕ್ಕೆ 20ರ ಬದಲು 15 ಪೌಂಡ್ ಮಾತ್ರ ಕೊಡುತ್ತಾರೆಂದು ಹಿಡಿದು ಇನ್ನೊಮ್ಮೆ ಲೆಕ್ಕ ಮಾಡಿ. ಉತ್ತರವನ್ನು ಹಾಳೆಯಲ್ಲಿ ಬರೆದು ವಾಣಿಜ್ಯ ವಿಭಾಗದ ಸ್ಟಾಫ್ ರೂಮಿಗೆ ತಂದುಕೊಡಿ. ಆ ಹಿಂದಿನ ಬೆಂಚಿನವನಂತೂ ತಂದುಕೊಡಲೇಬೇಕು.