ಪರದೆ ಸಣ್ಣದಾದ್ರ ಮಷೀನ್ ಅಳಿಸಬ್ಯಾಡ್ರಿ: ವರ್ಚುವಲ್ ಮಷೀನಿನ ರೆಸಲ್ಯೂಷನ್ ಪಾಠ

ಸಪ್ತಾಪುರದ ಬಾಡಿಗೆ ಖೋಲಿಯೊಳಗ ನಾವು ನಾಲ್ಕು ಮಂದಿ ಇರ್ತೀವಿ. ಕೆಳಗಿನ ಖೋಲಿಯವರು ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್‌ಗೆ ಬಂದವರು, ನಡುರಾತ್ರಿ ತನಕ ಪ್ರಚಲಿತ ವಿದ್ಯಮಾನ ಓದ್ತಾರ. ಮ್ಯಾಲೆ ನಾವು ಲ್ಯಾಬ್ ಪ್ರೋಗ್ರಾಂ ಹೊಡೀತಿರ್ತೀವಿ. ಕಳೆದ ಸೆಮಿಸ್ಟರ್ ಆಪರೇಟಿಂಗ್ ಸಿಸ್ಟಮ್ ಲ್ಯಾಬ್ ಇಂಟರ್ನಲ್ಸ್‌ಗೆ ಎರಡು ದಿನ ಇದ್ದಾಗ ನಮ್ಮ ದೋಸ್ತ ಒಬ್ಬ ತನ್ನ ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿದ. ವರ್ಚುವಲ್‌ಬಾಕ್ಸ್‌ನಲ್ಲಿ ಉಬುಂಟು ಫುಲ್ ಸ್ಕ್ರೀನ್‌ಗೆ ಹೋಗಿತ್ತು. ಆದರೆ ಉಬುಂಟು ಮಾತ್ರ ನಡುವೆ ಒಂದು ಸಣ್ಣ ಚೌಕದೊಳಗ ಕೂತಿತ್ತು, ಸುತ್ತ ಬರೀ ಕಪ್ಪು. ಎಡಿಟರ್ ತೆರೆದರೆ ಕೋಡಿನ ನಾಲ್ಕಾರು ಸಾಲು ಬಿಟ್ಟು ಬೇರೇನೂ ಕಾಣ್ತಿರಲಿಲ್ಲ.

"ಲೇ, ಹಿಂಗಾದ್ರ ಪ್ರೋಗ್ರಾಂ ಹೆಂಗ ಬರೀಬೇಕೋ?" ಅಂದ.

"ಅದನ್ನ ತೆಗೆದು ಹೊಸದು ಹಾಕ್ಕೊಳ್ಳೋ, ಒಂದು ತಾಸಿನ ಕೆಲಸ" ಅಂದವರು ನಾವೇ.

ಅವನು ರಿಮೂವ್ ಒತ್ತಿದ. 'ಡಿಲೀಟ್ ಆಲ್ ಫೈಲ್ಸ್' ಅಂತ ಕೇಳಿತು, ಅದನ್ನೂ ಒತ್ತಿದ. ಮತ್ತೆ ಉಬುಂಟು ಹಾಕಿದ. ಮತ್ತೆ ಅದೇ 800×600 ಚೌಕ! ಜೊತೆಗೆ ಮೂರು ವಾರ ಬರೆದಿದ್ದ ಶೆಲ್ ಸ್ಕ್ರಿಪ್ಟ್, ಸಿ ಪ್ರೋಗ್ರಾಂ, ಅರ್ಧ ಮುಗಿದ ಮಿನಿ ಪ್ರಾಜೆಕ್ಟ್ ಎಲ್ಲಾ ಹೋಗಿದ್ದವು. ಮುಂದಿನ ಎರಡು ರಾತ್ರಿ ನಾಲ್ಕೂ ಮಂದಿ ಕೂತು ನೆನಪಿದ್ದಷ್ಟನ್ನ ಮತ್ತೆ ಟೈಪ್ ಮಾಡಿದೆವು. ನಮ್ಮ ಆ ಸಲಹೆಯ ಸಾಲ ತೀರಿಸಾಕ ಈ ಪಾಠ.

ಗಾತ್ರ ಹೇಳೋರು ಯಾರು?

ಮೊದಲು ಎರಡು ಶಬ್ದ. ನಿಮ್ಮ ಲ್ಯಾಪ್‌ಟಾಪಿನ ಮೂಲ ಸಿಸ್ಟಮ್ (ಬಹಳ ಮಂದಿಗೆ ಅದು ವಿಂಡೋಸ್) ಹೋಸ್ಟ್, ಅಂದ್ರ ಮನೆಯವರು. ಅದರೊಳಗ ಓಡೋ ಉಬುಂಟು ಗೆಸ್ಟ್, ಅಂದ್ರ ಬಂದ ಬೀಗರು.

ನಿಜವಾದ ಕಂಪ್ಯೂಟರಿನಲ್ಲಿ ಮಾನಿಟರ್ ತನ್ನ ಅಳತೆಯನ್ನ ತಾನೇ ಹೇಳ್ತದ. ಮಾನಿಟರಿನೊಳಗ ಇಡಿಐಡಿ ಅನ್ನೋ ಒಂದು ಸಣ್ಣ ಮಾಹಿತಿ ತುಣುಕು ಇರ್ತದ, ಅದರ ಮೂಲ ಭಾಗ ಬರೀ 128 ಬೈಟ್. 'ನಾನು 1920×1080' ಅಂತ ಗ್ರಾಫಿಕ್ಸ್ ಕಾರ್ಡಿಗೆ ತಿಳಿಸೋದು ಅದೇ. ವರ್ಚುವಲ್ ಮಷೀನಿಗೆ ನಿಜವಾದ ಮಾನಿಟರೇ ಇಲ್ಲ. ಅದರ ಪರದೆ ಅಂದ್ರ ಹೋಸ್ಟಿನ ಮೇಲಿನ ಒಂದು ಕಿಟಕಿ, ಅದೂ ನೀವು ಎಳೆದಂಗ ಸಣ್ಣ-ದೊಡ್ಡ ಆಗೋದು. ಆ ಕಿಟಕಿಯ ಅಳತೆ ಒಳಗಿನ ಉಬುಂಟುಗೆ ಮುಟ್ಟಬೇಕಂದ್ರ ನಾಲ್ಕು ಕೈ ದಾಟಬೇಕು: ಹೋಸ್ಟಿನ ಕಿಟಕಿ, ವರ್ಚುವಲ್ ಗ್ರಾಫಿಕ್ಸ್ ಕಾರ್ಡ್, ಗೆಸ್ಟಿನೊಳಗಿನ ಡ್ರೈವರ್, ಕೊನೆಗೆ ಗೆಸ್ಟಿನ ಡೆಸ್ಕ್‌ಟಾಪ್.

ಅಳತೆ ಕೊಡದ ಸಿಂಪಿಗನ ಕಡೆ ಅಂಗಿ ಹೊಲಿಸಿದಂಗ ಇದು. ಅಳತೆ ಮುಟ್ಟದಿದ್ದರ ಅವನು ಎಲ್ಲರಿಗೂ ಬರೋ ಒಂದು ಸೈಜ್ ಹೊಲಿದು ಕೊಡ್ತಾನ. 800×600 ಅಂಥ ಸೈಜ್. 1989ರಲ್ಲಿ ವೇಸಾ ಸಂಘಟನೆ ಶುರುವಾದಾಗ ಮೊದಲು ಕೈಗೆತ್ತಿಕೊಂಡ ಗಾತ್ರವೇ ಇದು. ಅಂದ್ರ ನಿಮ್ಮ ಉಬುಂಟು ಕೆಟ್ಟಿಲ್ಲ, ಅಳತೆ ಸಿಗದೆ ಹಳೆ ಅಂಗಿ ತೊಟ್ಟದ. ಹೊಸದಾಗಿ ಇನ್‌ಸ್ಟಾಲ್ ಮಾಡಿದ್ರೂ ನಮ್ಮ ದೋಸ್ತಗ ಅದೇ ಚೌಕ ಬಂದಿದ್ದು ಇದಕ್ಕೇ.

ಮುಟ್ಟೋ ಮೊದಲು ನೋಡ್ರಿ

ಪರದೆ ಸರಿಯಿಲ್ಲ ಅಂದ್ರ ಒಂದೇ ರೋಗ ಅಲ್ಲ. ಲಕ್ಷಣ ನೋಡಿ ಬೇರೆ ಮಾಡಬೇಕು.

* ನಡುವೆ ಸಣ್ಣ ಚೌಕ, ಸುತ್ತ ಖಾಲಿ: ಅಳತೆ ಗೆಸ್ಟಿಗೆ ಮುಟ್ಟಿಲ್ಲ. ಕಾರ್ಡ್ ಅಥವಾ ಡ್ರೈವರ್ ಕಡೆ ನೋಡಬೇಕು.
* ಪರದೆ ತುಂಬಿದೆ, ಅಕ್ಷರ ಮಸಕು: ಸಣ್ಣ ಚಿತ್ರವನ್ನ ಹೋಸ್ಟ್ ಎಳೆದು ದೊಡ್ಡದು ಮಾಡೇದ.
* ಪರದೆ ತುಂಬಿದೆ, ಅಕ್ಷರ ಇರುವಿಯಷ್ಟು: ರೆಸಲ್ಯೂಷನ್ ಸರಿ ಇದೆ, ಸ್ಕೇಲಿಂಗ್ ತಪ್ಪಿದೆ.
* ದೊಡ್ಡದು ಮಾಡಿದ ಕೂಡಲೇ ಪೂರಾ ಕಪ್ಪು: ಕಾರ್ಡಿನ ಆಯ್ಕೆ, ವಿಡಿಯೋ ಮೆಮೊರಿ ಅಥವಾ 3ಡಿ ಸೆಟ್ಟಿಂಗ್ ಮೇಲೆ ಸಂಶಯ ಇಡ್ರಿ.

ಮುಂದಿನ ಹೆಜ್ಜೆಗೆ ಹೋಗೋ ಮೊದಲು ಒಂದು ಸ್ನ್ಯಾಪ್‌ಶಾಟ್ ತಗೋರಿ. ಮಷೀನ್ ಮೆನುವಿನಲ್ಲಿ 'ಟೇಕ್ ಸ್ನ್ಯಾಪ್‌ಶಾಟ್' ಇದೆ. ಏನಾದ್ರೂ ಹದಗೆಟ್ಟರೆ ಈ ಕ್ಷಣಕ್ಕೆ ಹಿಂದೆ ಬರಬಹುದು. ಎರಡನೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿ ಆತು, ಯಾವುದರಿಂದ ಕೆಟ್ಟಿತು ಅಂತ ಯಾರಿಗೂ ತಿಳಿಯೂದಿಲ್ಲ.

ಹೆಜ್ಜೆ 1: ವ್ಯೂ ಮೆನು

ವರ್ಚುವಲ್‌ಬಾಕ್ಸ್‌ನಲ್ಲಿ 'ಹೋಸ್ಟ್ ಕೀ' ಅಂದ್ರ ಸಾಮಾನ್ಯವಾಗಿ ಬಲಗಡೆಯ ಕಂಟ್ರೋಲ್. ಅದರ ಜೊತೆ ಎಫ್ ಒತ್ತಿದರೆ ಫುಲ್ ಸ್ಕ್ರೀನ್, ಸಿ ಒತ್ತಿದರೆ ಸ್ಕೇಲ್ಡ್ ಮೋಡ್. ಗೊತ್ತಿಲ್ಲದೆ ಸ್ಕೇಲ್ಡ್ ಮೋಡ್‌ಗೆ ಹೋದವರು ಬಹಳ ಮಂದಿ. ಅಲ್ಲಿ ಮೆನು ಪಟ್ಟಿಯೇ ಮಾಯ ಆಗ್ತದ, ಅಕ್ಷರ ಮಸಕಾಗ್ತಾವ. ಮತ್ತೊಮ್ಮೆ ಹೋಸ್ಟ್ ಕೀ ಜೊತೆ ಸಿ ಒತ್ರಿ, ಹೊರಗೆ ಬರ್ತೀರಿ. ಕೆಲವು ಲ್ಯಾಪ್‌ಟಾಪಿಗೆ ಬಲಗಡೆ ಕಂಟ್ರೋಲ್ ಇರೂದಿಲ್ಲ. ಅಂಥವರು ಪ್ರಿಫರೆನ್ಸಸ್‌ನ ಇನ್‌ಪುಟ್ ವಿಭಾಗದಲ್ಲಿ ಬೇರೆ ಕೀ ಇಟ್ಟುಕೊಳ್ಳಬಹುದು.

ಆಮೇಲೆ ವ್ಯೂ ಮೆನುವಿನಲ್ಲಿ 'ಆಟೋ-ರೀಸೈಜ್ ಗೆಸ್ಟ್ ಡಿಸ್‌ಪ್ಲೇ' ನೋಡ್ರಿ. ಟಿಕ್ ಇಲ್ಲದಿದ್ರ ಹಾಕ್ರಿ. ಅದು ಬೂದು ಬಣ್ಣದಲ್ಲಿದ್ದು ಒತ್ತಾಕ ಬರದಿದ್ರ ಅದೇ ಒಂದು ಸುಳಿವು: ಗೆಸ್ಟ್ ಅಡಿಷನ್ಸ್ ಓಡ್ತಾ ಇಲ್ಲ. ಅದು ಹೆಜ್ಜೆ 3ರಲ್ಲಿ ಬರ್ತದ.

ಹೆಜ್ಜೆ 2: ಕಾರ್ಡ್ ಮತ್ತು ಮೆಮೊರಿ

ಮಷೀನನ್ನ ಪೂರ್ತಿ ಬಂದ್ ಮಾಡ್ರಿ. 'ಸೇವ್ ಸ್ಟೇಟ್' ಮಾಡಿ ನಿಲ್ಲಿಸಿದ್ರ ಈ ಸೆಟ್ಟಿಂಗ್ ಬದಲಾಗೂದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ತೆರೀರಿ. ಗ್ರಾಫಿಕ್ಸ್ ಕಂಟ್ರೋಲರ್ ಅಂತ ಮೂರು ಆಯ್ಕೆ ಕಾಣ್ತಾವ. ವಿಎಂಎಸ್‌ವಿಜಿಎ ಲಿನಕ್ಸ್ ಗೆಸ್ಟಿಗೆ. ವಿಬಾಕ್ಸ್‌ಎಸ್‌ವಿಜಿಎ ವಿಂಡೋಸ್ 7 ಮತ್ತು ಅದರ ನಂತರದ ಗೆಸ್ಟಿಗೆ. ವಿಬಾಕ್ಸ್‌ವಿಜಿಎ ಹಳೆ ಸಿಸ್ಟಮ್‌ಗಳಿಗೆ. ಮಷೀನ್ ಮಾಡುವಾಗ ಸಿಸ್ಟಮ್ ಹೆಸರು ತಪ್ಪಾಗಿ ಆರಿಸಿದ್ರ ಕಾರ್ಡೂ ತಪ್ಪಾಗಿರಬಹುದು. ಪರದೆ ಕಪ್ಪಾಗ್ತಿದ್ರ ಇಲ್ಲೇ 3ಡಿ ಆಕ್ಸಲರೇಷನ್ ಟಿಕ್ ತೆಗೆದು ನೋಡ್ರಿ.

ಇನ್ನು ಮೆಮೊರಿಯ ಲೆಕ್ಕ. ಒಂದು ಪಿಕ್ಸೆಲ್‌ಗೆ 32 ಬಿಟ್, ಅಂದ್ರ 4 ಬೈಟ್. 1920 × 1080 × 4 = 82,94,400 ಬೈಟ್, ಸುಮಾರು 8 ಎಂಬಿ. ಅದೇ 3840×2160 ಇರೋ 4ಕೆ ಮಾನಿಟರ್ ಜೋಡಿಸಿದ್ರ 3,31,77,600 ಬೈಟ್, ಸುಮಾರು 32 ಎಂಬಿ. ವಿಡಿಯೋ ಮೆಮೊರಿ 16 ಎಂಬಿ ಇಟ್ಟಿದ್ರ ಒಂದು 1080 ಪರದೆ ಹಿಡೀತದ, 4ಕೆ ಹಿಡಿಯೂದೇ ಇಲ್ಲ. ಸ್ಲೈಡರ್ 128ಕ್ಕೆ ಎಳೀರಿ. ಆದರೆ ಒಂದು ಮಾತು ನೆನಪಿರಲಿ: ಮೆಮೊರಿ ಹೆಚ್ಚಿಸೋದು ಜಾಗ ಮಾಡಿದಂಗ ಅಷ್ಟೇ, ಅಳತೆ ಮುಟ್ಟಿಸಿದಂಗ ಅಲ್ಲ. ಬರೀ ಇದನ್ನ ಮಾಡಿ 'ಏನೂ ಆಗಲಿಲ್ಲ' ಅನ್ನೋರು ಇಲ್ಲೇ ನಿಂತಿರ್ತಾರ.

ಹೆಜ್ಜೆ 3: ಗೆಸ್ಟ್ ಅಡಿಷನ್ಸ್

ಸಣ್ಣ ಚೌಕದ ಪ್ರಕರಣಗಳಲ್ಲಿ ಬಹಳಷ್ಟು ಇಲ್ಲೇ ಮುಗೀತಾವ. ಕಿಟಕಿಯ ಅಳತೆ ಬದಲಾದಾಗ ಅದನ್ನ ಗೆಸ್ಟಿಗೆ ಹೊತ್ತು ತಿಳಿಸೋ ಆಳು ಇದೇ. (ಆಜ್ಞೆಗಳ ಹೆಸರನ್ನ ಇಲ್ಲಿ ಉಚ್ಚಾರ ಇದ್ದಂಗ ಬರೆದೀವಿ. ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲೇ ಹೊಡೀಬೇಕು.)

ಉಬುಂಟುನಲ್ಲಿ ಮೊದಲು ಆಪ್ಟ್ ಬಳಸಿ ಬಿಲ್ಡ್-ಎಸೆನ್ಷಿಯಲ್, ಡಿಕೆಎಂಎಸ್ ಮತ್ತು ಈಗ ಓಡ್ತಿರೋ ಕರ್ನಲ್‌ನ ಲಿನಕ್ಸ್-ಹೆಡರ್ಸ್ ಹಾಕ್ರಿ. ಅಡಿಷನ್ಸ್ ತನ್ನ ಕರ್ನಲ್ ಮಾಡ್ಯೂಲನ್ನ ನಿಮ್ಮ ಮಷೀನಿನಲ್ಲೇ ಕಂಪೈಲ್ ಮಾಡ್ತದ, ಅದಕ್ಕೇ ಕಂಪೈಲರ್ ಬೇಕು. ಆಮೇಲೆ ಡಿವೈಸಸ್ ಮೆನುವಿನಲ್ಲಿ 'ಇನ್ಸರ್ಟ್ ಗೆಸ್ಟ್ ಅಡಿಷನ್ಸ್ ಸಿಡಿ ಇಮೇಜ್' ಒತ್ರಿ. ಒಳಗೆ ಒಂದು ಸಿಡಿ ಕಾಣಿಸ್ತದ. ಅದರ ಫೋಲ್ಡರ್‌ನಲ್ಲಿ ಟರ್ಮಿನಲ್ ತೆರೆದು ವಿಬಾಕ್ಸ್‌ಲಿನಕ್ಸ್‌ಅಡಿಷನ್ಸ್ ಡಾಟ್ ರನ್ ಫೈಲನ್ನ ಸೂಡೋ ಹಚ್ಚಿ ಓಡಿಸ್ರಿ, ರೀಸ್ಟಾರ್ಟ್ ಮಾಡ್ರಿ. ವಿಂಡೋಸ್ ಗೆಸ್ಟ್ ಆದ್ರ ಅದೇ ಸಿಡಿಯ ಇನ್‌ಸ್ಟಾಲರ್ ಮೇಲೆ ಎರಡು ಕ್ಲಿಕ್ ಸಾಕು.

ಉಬುಂಟು ತನ್ನ ಭಂಡಾರದಲ್ಲೂ ವರ್ಚುವಲ್‌ಬಾಕ್ಸ್-ಗೆಸ್ಟ್-ಯುಟಿಲ್ಸ್, ವರ್ಚುವಲ್‌ಬಾಕ್ಸ್-ಗೆಸ್ಟ್-ಎಕ್ಸ್11 ಅಂತ ಪ್ಯಾಕೇಜ್ ಇಟ್ಟದ. ಸಿಡಿ ಇಲ್ಲವೇ ಪ್ಯಾಕೇಜ್, ಎರಡರಲ್ಲಿ ಒಂದೇ ಹಾಕ್ರಿ. ಎರಡನ್ನೂ ಹಾಕಿದ್ರ ಒಂದಕ್ಕೊಂದು ಜಗಳ ತೆಗೀತಾವ.

ಹೆಜ್ಜೆ 4: ನಿಜವಾಗ್ಲೂ ಓಡ್ತದೋ ಇಲ್ಲೋ?

'ಇನ್‌ಸ್ಟಾಲ್ ಆಗೇದಲ್ಲ' ಅನ್ನೋದು ಸಾಕ್ಷಿ ಅಲ್ಲ. ಎಲ್‌ಎಸ್‌ಮಾಡ್ ಹೊಡೆದು ವಿಬಾಕ್ಸ್‌ಗೆಸ್ಟ್ ಕಂಡರೆ ನಾವೂ ಮೊದಲು ಖುಷಿಪಡ್ತಿದ್ವಿ. ಆದರೆ 2018ರ 4.16ನೇ ಆವೃತ್ತಿಯಿಂದ ಆ ಮಾಡ್ಯೂಲ್ ಲಿನಕ್ಸ್ ಕರ್ನಲ್ ಜೊತೆಗೇ ಬರ್ತದ. ಅದು ಕಾಣೋದು ಅರ್ಧ ಪುರಾವೆ ಮಾತ್ರ. ಪಿಎಸ್ ಆಜ್ಞೆಯ ಪಟ್ಟಿಯಲ್ಲಿ ವಿಬಾಕ್ಸ್‌ಕ್ಲೈಂಟ್ ಅಥವಾ ವಿಬಾಕ್ಸ್‌ಡಿಆರ್‌ಎಂಕ್ಲೈಂಟ್ ಓಡ್ತಾ ಇದೆಯೇ ನೋಡ್ರಿ. ಅಳತೆ ಹೊರೋ ಆಳು ಅವು.

ನಿನ್ನೆ ಸರಿ ಇತ್ತು, ಇವತ್ತು ಮತ್ತೆ ಚೌಕ ಆಗೇದ ಅಂದ್ರ ಕರ್ನಲ್ ಅಪ್‌ಡೇಟ್ ಆಗಿರಬಹುದು. ಹೊಸ ಕರ್ನಲ್‌ಗೆ ಮಾಡ್ಯೂಲ್ ಮತ್ತೆ ಕಂಪೈಲ್ ಆಗಬೇಕು. ಹೊಸ ಹೆಡರ್ಸ್ ಹಾಕಿ ಅಡಿಷನ್ಸ್ ಫೈಲನ್ನ ಇನ್ನೊಮ್ಮೆ ಓಡಿಸಿದ್ರ ಆತು.

ಎಲ್ಲಾ ಓಡ್ತಿದ್ದೂ ಗಾತ್ರ ಬದಲಾಗದಿದ್ರ ವ್ಯೂ ಮೆನುವಿನಲ್ಲಿ 'ವರ್ಚುವಲ್ ಸ್ಕ್ರೀನ್ 1' ಒಳಗೆ ಹೋಗಿ ಬೇಕಾದ ರೆಸಲ್ಯೂಷನ್ ಆರಿಸ್ರಿ. ಅದೂ ಆಗದಿದ್ರ ಕೊನೇ ಉಪಾಯ ಎಕ್ಸ್‌ರ‍್ಯಾಂಡರ್: ಸಿವಿಟಿ ಆಜ್ಞೆಯಿಂದ ಹೊಸ ಮೋಡ್‌ನ ಅಂಕಿ ಪಡೆದು ಅದಕ್ಕೆ ಕೊಡೋದು. ಇದು ಎಕ್ಸಾರ್ಗ್ ಸೆಷನ್‌ನಲ್ಲಿ ಮಾತ್ರ ನಡೀತದ, ವೇಲ್ಯಾಂಡ್‌ನಲ್ಲಿ ಇಲ್ಲ. ರೀಸ್ಟಾರ್ಟ್ ಮಾಡಿದ್ರ ಹೋಗಿಯೂ ಬಿಡ್ತದ.

ಇಲ್ಲೊಂದು ತಮಾಷೆ ಇದೆ. ನಮ್ಮ ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳ ಪರದೆ ಬಹಳ ಸಲ 1366×768. ಸಿವಿಟಿಗೆ 1366 ಕೇಳಿದ್ರ 1368 ಕೊಡ್ತದ! ಯಾಕಂದ್ರ ಅದು ಅಗಲವನ್ನ 8ರ ಗುಣಕವಾಗಿ ಇಡ್ತದ. 1366ನ್ನ 8ರಿಂದ ಭಾಗಿಸಿದ್ರ 170.75, ಹಂಗಾಗಿ 171 × 8 = 1368. ಆ ಎರಡು ಪಿಕ್ಸೆಲ್ ಹೆಚ್ಚಾಗಿದ್ದು ನಿಮ್ಮ ತಪ್ಪಲ್ಲ.

ಅಕ್ಷರ ಸಣ್ಣದಾದ್ರ

14 ಇಂಚಿನಲ್ಲಿ 1920×1080 ಇದ್ರ ವಿಂಡೋಸ್ ತನ್ನ ಅಕ್ಷರಗಳನ್ನ 125% ಅಥವಾ 150% ಹಿಗ್ಗಿಸಿ ತೋರಿಸ್ತಿರ್ತದ. ಒಳಗಿನ ಉಬುಂಟು 100% ಇದ್ರ ಪಕ್ಕದಲ್ಲಿಟ್ಟು ನೋಡಿದಾಗ ಅಕ್ಷರ ಇರುವಿ ಸಾಲು ಕಂಡಂಗ ಕಾಣ್ತದ. ಇದಕ್ಕ ರೆಸಲ್ಯೂಷನ್ ಇಳಿಸಬ್ಯಾಡ್ರಿ. ವ್ಯೂ ಮೆನುವಿನಿಂದ ಸ್ಕೇಲ್ 150% ಮಾಡಿದ್ರ ದೊಡ್ಡದಾಗ್ತದ, ಆದರೆ ಅದು ಚಿತ್ರ ಎಳೆದಂಗ. ಉಬುಂಟು ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ 'ಲಾರ್ಜ್ ಟೆಕ್ಸ್ಟ್' ಹಚ್ಚಿದ್ರ ಅಕ್ಷರ ದೊಡ್ಡದೂ ಆಗ್ತದ, ಚೊಕ್ಕನೂ ಇರ್ತದ.

ಚೊಕ್ಕ ಅದನೋ ಇಲ್ಲೋ ಅಂತ ಪರೀಕ್ಷೆ ಮಾಡಾಕ ನಾವು ಕನ್ನಡವನ್ನೇ ಬಳಸ್ತೀವಿ. ಎಡಿಟರ್‌ನಲ್ಲಿ 'ಸ್ತ್ರೀ, ರಾಷ್ಟ್ರ, ಉತ್ಕೃಷ್ಟ' ಅಂತ ಬರೀರಿ. ಇಂಗ್ಲಿಷ್ ಅಕ್ಷರ ಸ್ವಲ್ಪ ಮಸಕಾದ್ರೂ ಓದಾಕ ಬರ್ತದ, ನಮ್ಮ ಒತ್ತಕ್ಷರ ಹಂಗಲ್ಲ. ಎಳೆದ ಚಿತ್ರದಲ್ಲಿ ಒತ್ತುಗಳ ನಡುವಿನ ಸಂದು ಮೊದಲು ಮುಚ್ಚಿಹೋಗ್ತದ. ಒತ್ತು ಬಿಡಿಬಿಡಿಯಾಗಿ ಕಂಡ್ರ ಪರದೆ ಸರಿ ಅದ ಅಂತ ತಿಳೀರಿ. ಅಕ್ಷರದ ಬದಲು ಖಾಲಿ ಡಬ್ಬಿ ಕಂಡ್ರ ಅದು ರೆಸಲ್ಯೂಷನ್ ರೋಗ ಅಲ್ಲ, ಫಾಂಟ್ ಇಲ್ಲ. ನೋಟೋ ಅಥವಾ ಲೋಹಿತ್ ಕನ್ನಡ ಹಾಕ್ರಿ.

ಬೇರೆ ತಂತ್ರಾಂಶ ಬಳಸೋರಿಗೂ ಇದೇ ಸರಪಳಿ, ಆಳಿನ ಹೆಸರಷ್ಟೇ ಬೇರೆ. ವಿಎಂವೇರ್‌ನಲ್ಲಿ ಲಿನಕ್ಸ್ ಗೆಸ್ಟಿಗೆ ಓಪನ್-ವಿಎಂ-ಟೂಲ್ಸ್-ಡೆಸ್ಕ್‌ಟಾಪ್. ವರ್ಟ್-ಮ್ಯಾನೇಜರ್‌ನಲ್ಲಿ ಸ್ಪೈಸ್-ವಿಡಿಏಜೆಂಟ್.

ಕೊನೇ ಮಾತು

ನಮ್ಮ ದೋಸ್ತನ ಚೌಕ ಕಡೆಗೆ ಸರಿಹೋಗಿದ್ದು ಹೆಜ್ಜೆ 3ರಲ್ಲಿ, ಚಹಾ ಆರೋದರೊಳಗ. ಇಂಟರ್ನಲ್ಸ್ ಮುಗಿದ ಮರುದಿನ ಒಬ್ಬ ಸೀನಿಯರ್ ಅಕ್ಕ ಬಂದು ಕೇಳಿದ ಮೊದಲ ಪ್ರಶ್ನೆ: "ಗೆಸ್ಟ್ ಅಡಿಷನ್ಸ್ ಹಾಕಿದ್ರೇನು?" ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಎರಡನೇ ಪ್ರಶ್ನೆ: "ಕೋಡಿನ ಇನ್ನೊಂದು ಪ್ರತಿ ಎಲ್ಲೈತಿ?" ಅದಕ್ಕೂ ಉತ್ತರ ಇರಲಿಲ್ಲ.

ವರ್ಚುವಲ್ ಮಷೀನಿನ ಪೂರಾ ಡಿಸ್ಕ್ ಹೋಸ್ಟಿನಲ್ಲಿ ಒಂದು ಫೈಲ್ ಮಾತ್ರ. ಒಂದು ತಪ್ಪು ಬಟನ್‌ಗೆ ಅದು ಹೋಗ್ತದ. ಸ್ನ್ಯಾಪ್‌ಶಾಟ್ ಕೂಡ ಬ್ಯಾಕಪ್ ಅಲ್ಲ, ಮಷೀನ್ ಜೊತೆಗೆ ಅದೂ ಅಳೀತದ. ದಿನಾ ಮಲಗೋ ಮೊದಲು ಕೋಡನ್ನ ಗಿಟ್‌ನಿಂದ ಹೊರಗೆ ಪುಶ್ ಮಾಡ್ರಿ, ಇಲ್ಲಾ ಪೆನ್‌ಡ್ರೈವ್‌ಗೆ ಒಂದು ಪ್ರತಿ ಹಾಕ್ರಿ. ಈಗ ನಮ್ಮ ಖೋಲಿಯ ಗ್ವಾಡಿ ಮೇಲೆ ಒಂದು ಚೀಟಿ ಅಂಟಿಸೀವಿ: 'ಅಳಿಸೋ ಮೊದಲು, ಅಳತೆ ಎಲ್ಲಿ ನಿಂತದ ನೋಡು.' ನಿಮ್ಮ ಖೋಲಿಯಲ್ಲಿ ಯಾರಾದ್ರೂ ಲ್ಯಾಪ್‌ಟಾಪ್ ತಿರುಗಿಸಿ ಸಣ್ಣ ಚೌಕ ತೋರಿಸಿದ್ರ ನಮ್ಮಂಗ ಸಲಹೆ ಕೊಡಬ್ಯಾಡ್ರಿ. ಪಕ್ಕದಲ್ಲಿ ಕೂತು ವ್ಯೂ ಮೆನುವಿನಿಂದ ಶುರು ಮಾಡ್ರಿ.