ಯಡಹಳ್ಳಿ ಸೀಮಿ ದಾಟುವಾಗ

ತಮ್ಮಾ, ಹುನ್ನೂರಿಗೆ ಬಂದಾಗ ನಿನ್ನ ಹೊಸಾ ಟ್ರ್ಯಾಕ್ಟರ್ ನೋಡಿದ್ನಿ. ಮನಸ್ಸಿಗೆ ಭಾಳ ಸಂತೋಷ ಆತು. ಈ ಹಂಗಾಮಿನಾಗ ಬೀಳಗಿ ಕಡೀಂದ ಕಬ್ಬ ತುಂಬಿ ಮುಧೋಳ ಕಡೆ ಹೊಡಿಯೂ ಕೆಲಸ ಸಿಕ್ಕೈತಿ ಅಂತ ನಿಮ್ಮವ್ವ ಹೇಳಿದ್ಲು. ದುಡಿ, ಸಾಲ ತೀರಿಸು. ಆದ್ರ ಆ ಹಾದಿ ಬಗ್ಗೆ ನಿನಗ ಒಂದೆರಡು ಮಾತು ಹೇಳೂದೈತಿ, ಸಿಟ್ಟಾಗದ ಕೇಳು.

ನಮ್ಮ ಕಡೆ ಊರು ದಾಟಿದ್ರ ಕಬ್ಬು, ಕಬ್ಬು ದಾಟಿದ್ರ ಊರು. ಯಡಹಳ್ಳಿ ಸೀಮಿಗೆ ಬಂದಿ ಅಂದ್ರ ನೆಲಾನ ಬ್ಯಾರೆ. ಕಲ್ಲಗುಡ್ಡ, ಕುರುಚಲ ಕಾಡು, ಜಾಲಿ, ಬಾರಿಕಂಟಿ. ಮಂದಿ ಅದನ್ನ ಬರಡು ಅಂತಾರ. ನಾ ಒಪ್ಪೂದಿಲ್ಲ. ಚಿಂಕಾರ ಬಾಳೂದು ಇಂಥಾ ನೆಲದಾಗನ. ಅದಕ್ಕಂತನ 2016ರಾಗ ಸರ್ಕಾರ ಮುಧೋಳ, ಬೀಳಗಿ ತಾಲೂಕಿನ ಸುಮಾರು 96 ಚದರ ಕಿಲೋಮೀಟರ್ ಕಾಡನ್ನ ಚಿಂಕಾರ ವನ್ಯಜೀವಿ ಧಾಮ ಅಂತ ಮಾಡ್ತು. ತೋಳ, ನರಿ, ಕತ್ತೆಕಿರುಬನೂ ಅಲ್ಲಿ ಅದಾವ.

ಚಿಂಕಾರ ಅಂದ್ರ ಆಡಿನಷ್ಟ ಪ್ರಾಣಿ. ತೂಕ 20 ಕಿಲೋದ ಆಸುಪಾಸು, ಮೈ ಬಣ್ಣ ಮಣ್ಣಿಂದು. ಹಗಲಹೊತ್ತಿನಾಗೂ ಕಂಟಿ ಮರಿಗೆ ನಿಂತ್ರ ಕಣ್ಣಿಗೆ ಬೀಳೂದಿಲ್ಲ. ಎಲಿ, ಕಾಯಿ, ಇಬ್ಬನಿಯಾಗಿನ ಹಸಿ ಸಾಕು ಅದಕ್ಕ, ಎಷ್ಟೋ ದಿನ ನೀರ ಮುಟ್ಟದ ಇರತೈತಿ. ಬರಗಾಲ ತಡಕೊಳ್ಳೂ ಜೀವ, ಲೈಟ್ ತಡಕೊಳ್ಳೂದಿಲ್ಲ. ಮುಸ್ಸಂಜಿಗೆ ಮೇಯಾಕ ಹೊರಬೀಳತಾವ. ಎದುರಿಗೆ ಹೆಡ್‌ಲೈಟ್ ಬಿತ್ತಂದ್ರ ಓಡಬೇಕಾದ್ದು ನಡುರಸ್ತೆದಾಗ ಕಣ್ಣ ಬಿಟ್ಟಕೊಂಡು ನಿಂತಬಿಡತೈತಿ. ಆವಾಗ ಲೈಟ್ ಡಿಮ್ ಮಾಡು, ವೇಗ ಪೂರಾ ಇಳಿಸು, ಹಾರ್ನ್ ಹೊಡದು ಗಾಬರಿ ಮಾಡಬ್ಯಾಡ. ಒಂದು ದಾಟ್ತು ಅಂತ ಗೇರ್ ಏರಿಸಬ್ಯಾಡ. ಮೂರ ನಾಕು ಕೂಡೇ ಇರತಾವ, ಹಿಂದಿಂದು ಕಂಟ್ಯಾಗ ಕಾಯ್ತಿರತೈತಿ.

ಖಾಲಿ ಟ್ರೇಲರ್ ತಗೊಂಡು ವಾಪಸ್ ಬರುವಾಗ ಕಾಲು ತಾನ ಆಕ್ಸಿಲೇಟರ್ ಒತ್ತತೈತಿ, ನನಗ ಗೊತ್ತೈತಿ. 40ರ ವೇಗ ಇದ್ರೂ ಗಾಡಿ ಸೆಕೆಂಡಿಗೆ 11 ಮೀಟರ್ ಓಡತೈತಿ. ನೀ ನೋಡಿ ಬ್ರೇಕ್ ಮ್ಯಾಲೆ ಕಾಲ ಇಡೂದರಾಗ ಅಷ್ಟು ದೂರ ಹೋಗಿಬಿಟ್ಟಿರತಿ. ಪ್ರಾಣಿ ಸಾಯಬಾರದಂತ ಬಂಡೀಪುರ ಕಾಡಿನಾಗ 2009ರಾಗ ರಾತ್ರಿ 9ರಿಂದ ಮುಂಜಾನಿ 6ರ ತನಕ ವಾಹನ ಬಂದ್ ಮಾಡಿದ್ರು. ಇಲ್ಲಿ ಹಂಗ ಮಾಡಾಕ ಬರೂದಿಲ್ಲ. ಈ ಹಳ್ಳಿ ಮಂದಿಗೆ ದವಾಖಾನಿ, ಸಂತಿ, ಫ್ಯಾಕ್ಟರಿ ಎಲ್ಲಾದಕ್ಕೂ ಇದ ರಸ್ತೆ ಬೇಕು. ಹಂಗಾಗಿ ಚಿಂಕಾರದ ಜೀವ ನಿನ್ನಂಥಾ ಡ್ರೈವರ್‌ಗಳ ಕೈಯಾಗ ಐತಿ.

ಇನ್ನ ಊರೊಳಗಿನ ಮಾತು. ಹಂಗಾಮಿನಾಗ ನಮ್ಮ ರಸ್ತೆದಾಗ ಸಾಯೂದು ಬರೇ ಪ್ರಾಣಿಯಲ್ಲ, ಹುಡುಗರೂ ಸಾಯ್ತಾರ. ಕತ್ತಲದಾಗ ಕಬ್ಬಿನ ಟ್ರೇಲರ್ ಹಿಂದಿನಿಂದ ಕಾಣೂದ ಇಲ್ಲ. ಕಬ್ಬು ಅಗಲಕ್ಕ ಚಾಚಿ ಇದ್ದಬದ್ದ ಲೈಟನ್ನೂ ಮುಚ್ಚಿರತೈತಿ. ಬೈಕಿನ ಹುಡುಗ ಎದುರಿನ ಗಾಡಿ ಬೆಳಕಿಗೆ ಕಣ್ಣ ಕುಕ್ಕಿ ಸೀದಾ ಬಂದು ಬಡೀತಾನ. ಟೈರ್ ಪಂಕ್ಚರ್ ಆತಂದ್ರ ಟ್ರೇಲರ್ ರಸ್ತೆ ಮ್ಯಾಲೆ ಬಿಟ್ಟು, ಸುತ್ತ ಕಲ್ಲ ಇಟ್ಟು ಊಟಕ್ಕ ಹೋಗೂದು ನಮ್ಮವರಿಗೆ ರೂಢಿ ಆಗೈತಿ. ಗಾಡಿ ರಿಪೇರಿ ಆಗಿ ಹೋದಮ್ಯಾಲೂ ಕಲ್ಲು ಅಲ್ಲೇ ಬಿದ್ದಿರತಾವ. ಇದನ್ನ ಕಂಡ್ರ ನನಗ ಹೊಟ್ಟಿ ಉರೀತೈತಿ. ನೀ ಇಳದು ಒಂದೊಂದ ಕಲ್ಲೂ ಎತ್ತಿ ಬದಿಗೆ ಒಗದ ಹೋಗು. ಬ್ಯಾರೆಯವರು ಬಿಟ್ಟಿದ್ರೂ ಒಗಿ. ಮತ್ತ ನಿನ್ನ ಟ್ರ್ಯಾಕ್ಟರಿನ ದೊಡ್ಡ ಸ್ಪೀಕರ್ ಊರ ಬಂದಾಗರೆ ಸಣ್ಣ ಮಾಡು, ಹಿಂದಿನವನ ಹಾರ್ನ್ ನಿನಗ ಕೇಳಬೇಕು.

ಯಾರರೆ ಬಿದ್ದದ್ದು ಕಂಡ್ರ ಪೊಲೀಸ್ ಲಫಡಾ ಅಂತ ಮುಂದ ಹೋಗಬ್ಯಾಡ, 108ಕ್ಕ ಫೋನ್ ಮಾಡು. ಸಹಾಯ ಮಾಡಿದವರನ್ನ ಕಾಡಬಾರದು ಅಂತ 2019ರಾಗ ಮೋಟಾರು ವಾಹನ ಕಾಯ್ದೆಗನ ಕಲಂ ಸೇರಿಸ್ಯಾರ. ಹೆಸರು ಹೇಳಂತ ಯಾರೂ ಜುಲ್ಮಿ ಮಾಡೂಹಂಗಿಲ್ಲ. ಗಾಯ ಆದ ಚಿಂಕಾರ ಸಿಕ್ಕರ ಅರಣ್ಯ ಇಲಾಖೆಯವರಿಗೆ ತಿಳಿಸು. ಅದನ್ನ ಮನಿಗೆ ಒಯ್ಯೂಣು ಅಂತ ಯಾರರೆ ಅಂದ್ರ ಅವರ ಸಂಗ ಬಿಡು.

ನಾಳೆ ಮುಧೋಳಕ್ಕ ಹೋದಾಗ ಕೆಂಪು ರೇಡಿಯಂ ಪಟ್ಟಿ ತಗೊಂಡ ಬಾ. ಎರಡೂ ಟ್ರೇಲರಿಗೆ ಹಿಂದ, ಎರಡೂ ಬದಿಗೆ ಹಚ್ಚೂಣು. ರೊಕ್ಕ ನಾ ಕೊಡ್ತೀನಿ.