ಹೊಳೆಯ ಮೀನು ಹಿಡಿಯುವ ಮುನ್ನ ತಿಳಿದಿರಬೇಕಾದ ಕಟ್ಟಳೆಗಳು



ಕಾರ್ತೀಕ ಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಗೆಂದು ನಿಮ್ಮಲ್ಲಿ ಅನೇಕರು ಬೆಂಗಳೂರಿನ ಬಸವನಗುಡಿಗೆ ಹೋಗುತ್ತೀರಿ. ಅಲ್ಲಿಯ ದೊಡ್ಡ ಬಸವಣ್ಣನ ಪಾದದ ಬಳಿ ವೃಷಭಾವತಿ ಹುಟ್ಟಿತೆಂಬುದು ಹಿರಿಯರ ಮಾತು. ಆ ಹೊಳೆ ಕನಕಪುರದ ಸೀಮೆಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಕಾವೇರಿಯ ಆಳವಾದ ಮಡುಗಳೇ ಮಹಶೀರ್ ಮೀನಿನ ಮನೆ. ನಮ್ಮ ಕಡೆ ಇದನ್ನು ಬಿಳಿಮೀನು ಎಂದೂ ಕರೆಯುವುದುಂಟು. ಈ ಪಾಠದಲ್ಲಿ ಇಂಥ ಮೀನನ್ನು ಹಿಡಿಯುವ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ, ಏಕೆ ಹೇಳುತ್ತದೆ ಎಂಬುದನ್ನು ತಿಳಿಯೋಣ.

ಮೀನಿನ ಹಿರಿಮೆ

ಗಾಳ ಹಾಕುವವರಿಗೆ ಮಹಶೀರ್ ಎಂದರೆ ಬೇಟೆಗಾರನಿಗೆ ಹುಲಿ ಇದ್ದಂತೆ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ಹೊಳೆಯಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಕದ ಮೀನನ್ನು ಗಾಳದಲ್ಲಿ ಹಿಡಿದರು. ಇಂದು ಅಂಥ ಮೀನು ಕಾಣುವುದೇ ಅಪರೂಪ. ಕಾವೇರಿ ಸೀಮೆಗೇ ಸೇರಿದ, ಬೆನ್ನು ಡುಬ್ಬವಾದ ಮಹಶೀರ್ ಜಾತಿಯನ್ನು 2018ರಲ್ಲಿ ಅಳಿವಿನ ತೀರ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಲಾಗಿದೆ.

ಕೆರೆಗೆ ಬಿಡುವ ಕಾಟ್ಲ, ರೋಹು ಮೀನುಗಳು ತಮ್ಮ ಒಂದೊಂದು ಕಿಲೋ ತೂಕಕ್ಕೆ ಲಕ್ಷಕ್ಕೂ ಮೇಲೆ ಮೊಟ್ಟೆ ಇಡುತ್ತವೆ. ಮಹಶೀರ್ ಇಡುವುದು ಕೆಲವೇ ಸಾವಿರ. ಬೆಳವಣಿಗೆಯೂ ನಿಧಾನ. ಮಳೆಗಾಲದ ಹೊಸನೀರಿಗೆ ಅದು ಪ್ರವಾಹಕ್ಕೆ ಎದುರಾಗಿ ಮೇಲೆ ಹತ್ತಿ, ಜಲ್ಲಿಕಲ್ಲಿನ ನಡುವೆ ಮೊಟ್ಟೆ ಬಿಡುತ್ತದೆ. ಬಿತ್ತನೆಯ ಬೀಜವನ್ನೇ ಬೇಯಿಸಿ ತಿಂದ ಮನೆಗೆ ಮುಂದಿನ ವರ್ಷ ಬೆಳೆ ಎಲ್ಲಿಂದ ಬಂದೀತು? ಹತ್ತುವ ಮೀನನ್ನು ಹಿಡಿಯುವುದೂ ಹಾಗೆಯೇ.

ಕಾನೂನು ಬಂದ ಬಗೆ

ಬ್ರಿಟಿಷ್ ಇಂಡಿಯಾದಲ್ಲಿ 1897ರಲ್ಲಿಯೇ ಮೀನುಗಾರಿಕೆ ಕಾಯಿದೆಯಾಯಿತು. ಸಿಡಿಮದ್ದು ಹಾಕಿ ಅಥವಾ ವಿಷ ಬೆರೆಸಿ ಮೀನು ಹಿಡಿಯುವುದನ್ನು ಅದು ಅಪರಾಧವೆಂದಿತು. ಬಲೆಯ ಕಣ್ಣಿನ ಅಳತೆ ಗೊತ್ತುಮಾಡಲು, ಹೊಳೆಗೆ ಅಡ್ಡಗಟ್ಟೆ ಹಾಕುವುದನ್ನು ತಡೆಯಲು, ಒಂದು ಜಾಗದಲ್ಲಿ ಎರಡು ವರ್ಷದವರೆಗೆ ಮೀನು ಹಿಡಿಯುವುದನ್ನೇ ನಿಲ್ಲಿಸಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿತು. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಬೇಟೆ ಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಗೆ ಬೇರೆಯೇ ಕಟ್ಟಳೆ ಬಂದಿತು.

ಆ ಕಾಲದ ಕಟ್ಟಳೆಗಳು ಬೇಟೆಯ ಷೋಕಿಯ ದೊರೆಗಳಿಗಾಗಿ ಆದವು, ಬಡವನ ಬಲೆಗೆ ಮಾತ್ರ ಅಡ್ಡಿ ಬಂತು ಎಂದು ಕೆಲವರು ಆಡಿಕೊಳ್ಳುವುದುಂಟು. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಇಂದಿನ ಕಾನೂನು ಗಾಳದವನಿಗೂ ಒಂದೇ, ಬಲೆಯವನಿಗೂ ಒಂದೇ. ಕಾವೇರಿಯಲ್ಲಿ ಹಣ ತೆತ್ತು ಬಂದು ಮಹಶೀರ್ ಹಿಡಿದು, ತೂಗಿ, ಮತ್ತೆ ನೀರಿಗೇ ಬಿಡುವ ಶಿಬಿರಗಳು ಬಹುಕಾಲ ನಡೆದವು. ಅಭಯಾರಣ್ಯದೊಳಗಿನ ಆ ಪದ್ಧತಿಯೂ 2012ರ ಹೊತ್ತಿಗೆ ನಿಂತುಹೋಯಿತು.

ಇಂದು ತಿಳಿದಿರಬೇಕಾದ ಅಂಶಗಳು

1. ಅಪ್ಪಣೆ: ಕರ್ನಾಟಕದ ಒಳನಾಡು ಮೀನುಗಾರಿಕೆಗೆ 1996ರ ರಾಜ್ಯ ಕಾಯಿದೆ ಇದೆ. ಸರ್ಕಾರದ ಹೊಳೆ, ಜಲಾಶಯಗಳಲ್ಲಿ ಮೀನು ಹಿಡಿಯಲು ಲೈಸೆನ್ಸ್ ಬೇಕು. ಕೆರೆಗಳಲ್ಲಿ ಕೆಲವು ಇಲಾಖೆಯ ವಶ, ಕೆಲವು ಗ್ರಾಮ ಪಂಚಾಯಿತಿಯ ವಶ. ಗುತ್ತಿಗೆ ಕೊಟ್ಟ ಕೆರೆಯಲ್ಲಿ ಗುತ್ತಿಗೆದಾರನನ್ನು ಕೇಳದೆ ಗಾಳ ಹಾಕಕೂಡದು.

2. ಸಿಡಿಮದ್ದು: ಕಲ್ಲುಗಣಿಯ ತೋಟೆಯನ್ನು ಮಡುವಿಗೆ ಎಸೆಯುವುದು ಘೋರ ಅಪರಾಧ. 1908ರ ಸ್ಫೋಟಕ ವಸ್ತುಗಳ ಕಾಯಿದೆಯೂ ತಗಲುತ್ತದೆ. ಮದ್ದು ಸಿಡಿದಾಗ ದೊಡ್ಡ ಮೀನಿನೊಡನೆ ಮರಿ, ಮೊಟ್ಟೆ ಎಲ್ಲವೂ ನಾಶವಾಗುತ್ತವೆ. ಸತ್ತ ಮೀನಿನಲ್ಲಿ ಎಷ್ಟೋ ತಳಕ್ಕೆ ಮುಳುಗಿ ಯಾರ ಕೈಗೂ ಸಿಗುವುದಿಲ್ಲ. ಮದ್ದು ಕೈಯಲ್ಲೇ ಸಿಡಿದರೆ ದುಡಿಯುವ ಕೈಯೇ ಹೋದೀತು.

3. ವಿಷ: ಕೀಟನಾಶಕ, ಬ್ಲೀಚಿಂಗ್ ಪುಡಿ, ಕಾರೆಕಾಯಿ ಯಾವುದನ್ನೂ ಮೀನಿಗಾಗಿ ನೀರಿಗೆ ಹಾಕಕೂಡದು. ಅದೇ ನೀರನ್ನು ಕೆಳಗಿನ ಊರಿನ ದನಕರು ಕುಡಿಯುತ್ತವೆ. ಔಷಧಿ ಹೊಡೆದ ಪಂಪು, ಖಾಲಿ ಡಬ್ಬಿಗಳನ್ನು ಹೊಳೆಯಲ್ಲಿ ತೊಳೆಯುವುದನ್ನೂ ಬಿಡಿ.

4. ಕರೆಂಟು: ತಂತಿ ಎಳೆದು ನೀರಿಗೆ ವಿದ್ಯುತ್ ಹರಿಸುವುದು ಮೀನಿಗೂ ಹಿಡಿಯುವವನಿಗೂ ಮೃತ್ಯು. ಮನೆಯವರ ಮುಖ ನೆನೆದು ಅದರ ಗೊಡವೆಗೆ ಹೋಗಬೇಡಿ.

5. ಅಭಯಾರಣ್ಯ: ಕಾವೇರಿ ವನ್ಯಜೀವಿ ಧಾಮ 1987ರಲ್ಲಿ ಆಯಿತು. ಸಂಗಮ, ಮೇಕೆದಾಟು ಅದರೊಳಗೆ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ‘ಪ್ರಾಣಿ’ ಎಂಬ ಮಾತಿಗೆ 2002ರ ತಿದ್ದುಪಡಿಯಿಂದ ಮೀನೂ ಸೇರಿದೆ. ಧಾಮದೊಳಗೆ ಅನುಮತಿ ಇಲ್ಲದೆ ಮೀನು ಹಿಡಿದರೆ, ಮದ್ದು ಅಥವಾ ರಾಸಾಯನಿಕ ಬಳಸಿದರೆ ಸೆರೆಮನೆ ವಾಸವೂ ದಂಡವೂ ಆಗಬಹುದು. 2022ರ ತಿದ್ದುಪಡಿ ದಂಡವನ್ನು ಹೆಚ್ಚಿಸಿದೆ.

6. ಹೊರಗಿನ ಮೀನು: ಸ್ವಂತ ಕೃಷಿಹೊಂಡದಲ್ಲಿ ಸಾಕಿದ ಮೀನು ನಿಮ್ಮದೇ. ಆದರೆ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ನಿಷಿದ್ಧ. ಹೊಂಡ ತುಂಬಿ ಹರಿದರೆ ಅದು ಹೊಳೆ ಸೇರಿ ಅಲ್ಲಿಯ ಮೀನುಗಳನ್ನೆಲ್ಲ ತಿನ್ನುತ್ತದೆ. ಮಹಶೀರ್ ಮರಿಯನ್ನು ಕೂಡ ಜಾತಿ ನೋಡದೆ ಬಿಡಬಾರದು. 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದಲ್ಲಿ ಹುಟ್ಟಿಸಿದ ಬೇರೆ ಜಾತಿಯ ಮರಿಗಳನ್ನು ಕಾವೇರಿಗೆ ಒಳ್ಳೆಯ ಮನಸ್ಸಿನಿಂದಲೇ ಬಿಟ್ಟರು. ಅವು ಹೆಚ್ಚಿದವು, ಹೊಳೆಯ ಸ್ವಂತ ಡುಬ್ಬದ ಮೀನು ಕ್ಷೀಣಿಸಿತು.

ಕಾವಲು ಊರಿನದೇ

ಶೃಂಗೇರಿಯ ತುಂಗೆಯಲ್ಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಾವೇರಿಯಲ್ಲಿ ಮೀನಿಗೆ ಜನ ಅಕ್ಕಿ, ಪುರಿ ಹಾಕುವರೇ ಹೊರತು ಗಾಳ ಹಾಕುವುದಿಲ್ಲ. ದೇವರ ಮೀನೆಂಬ ಭಕ್ತಿಯೇ ಅಲ್ಲಿ ಕಾವಲು. ಆದರೆ ಭಕ್ತಿಯೊಂದೇ ಸಾಲದು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ದೇವರ ಮೀನುಗಳಿಗೆ 1996ರಲ್ಲಿ ಯಾರೋ ವಿಷವಿಟ್ಟರು, ಸಾವಿರಾರು ಮೀನು ಸತ್ತು ತೇಲಿದವು. ಮಾಡುವವನೊಬ್ಬ, ನಷ್ಟ ಊರಿಗೆಲ್ಲ. ಆದ್ದರಿಂದ ಭಕ್ತಿಯ ಜೊತೆಗೆ ಕಾನೂನೂ ಬೇಕು, ನೋಡುವ ಕಣ್ಣೂ ಬೇಕು.

ವೃಷಭಾವತಿಯನ್ನೇ ನೋಡಿ. ಅದರಲ್ಲಿ ಮೀನನ್ನು ಕೊಂದದ್ದು ಬಲೆಯಲ್ಲ, ಪಟ್ಟಣದ ಕೊಚ್ಚೆ ಮತ್ತು ಕಾರ್ಖಾನೆಯ ಹೊಲಸು. ನೀರು ಕೆಡಿಸುವುದನ್ನು ತಡೆಯಲು 1974ರ ಕಾಯಿದೆ ಇದೆ. ರೈತನ ಗಾಳಕ್ಕೆ ಕಟ್ಟಳೆ ಇರುವಂತೆ ಪಟ್ಟಣದ ಕೊಳಾಯಿಗೂ ಕಟ್ಟಳೆ ಉಂಟು. ಅದನ್ನು ನಡೆಸಿಕೊಡಿ ಎಂದು ಕೇಳುವ ಹಕ್ಕು ಕೆಳಗಿನ ಹಳ್ಳಿಗಳಿಗಿದೆ. ತಾನು ಕಟ್ಟಳೆಯಂತೆ ನಡೆದವನ ಮಾತಿಗೆ ತೂಕ ಹೆಚ್ಚು.

ನೀವು ಮಾಡಬಹುದಾದದ್ದು

ಮೀನು ಹಿಡಿಯುವ ಮೊದಲು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ: ಈ ನೀರು ಯಾರ ವಶ, ಲೈಸೆನ್ಸ್‌ಗೆ ಏನು ಕಟ್ಟಬೇಕು, ಬಲೆಯ ಕಣ್ಣು ಎಷ್ಟಿರಬೇಕು, ಯಾವ ತಿಂಗಳು ಹಿಡಿಯಕೂಡದು. ಕಾಡಂಚಿನ ಊರಿನವರು ಅರಣ್ಯ ಇಲಾಖೆಯವರಿಂದ ಧಾಮದ ಗಡಿಯನ್ನು ಕೇಳಿ ತಿಳಿಯಿರಿ. ಹೊಟ್ಟೆಯಲ್ಲಿ ಮೊಟ್ಟೆ ತುಂಬಿದ ಮೀನು, ಅಂಗೈ ಅಗಲದ ಮರಿ ಬಲೆಗೆ ಬಿದ್ದರೆ ಒದ್ದೆ ಕೈಯಿಂದಲೇ ಹಿಡಿದು ನೀರಿಗೆ ಬಿಡಿ.

ಗ್ರಾಮಸಭೆಯಲ್ಲಿ ಚರ್ಚಿಸಲು

ನಮ್ಮ ಹೊಳೆಯಲ್ಲಿ ಹಿಂದೆ ಇದ್ದು ಈಗ ಕಾಣದ ಮೀನುಗಳು ಯಾವುವು? ಮೀನು ಹತ್ತುವ ಕಾಲದಲ್ಲಿ ಹಳ್ಳಕ್ಕೆ ಅಡ್ಡಗಟ್ಟೆ, ಕೂಳಿ ಇಡುವುದನ್ನು ಊರೇ ಕೂಡಿ ನಿಲ್ಲಿಸಬಹುದೇ? ಹಿರಿಯರನ್ನು ಕೇಳಿ, ಅವರು ಹೇಳಿದ ಮೀನಿನ ಹೆಸರುಗಳನ್ನು ಶಾಲೆಯ ಮಕ್ಕಳಿಂದ ಬರೆಸಿಡಿ.